ಎರಡು ಬೆರಳಿನ ಬುದ್ಧಿ

ಇಂದಿನ ಧಮ್ಮ ಚಿಂತನೆ.



ಸಂಯುತ್ತ ನಿಕಾಯದಲ್ಲಿ ಸೋಮಾ ಎಂಬ ಭಿಕ್ಖುಣಿಯ ಪ್ರಸಂಗವಿದೆ. ಶ್ರಾವಸ್ತಿಯಲ್ಲಿ ಭಿಕ್ಷೆ ಮುಗಿಸಿ ಅಂಧವನದ ಮರದ ಕೆಳಗೆ ಕೂತಿದ್ದ ಆಕೆಯನ್ನು ಮಾರ ಕೆಣಕುತ್ತಾನೆ. ಋಷಿಗಳಿಗೇ ಕಷ್ಟವಾದದ್ದು ಎರಡು ಬೆರಳಿನ ಬುದ್ಧಿಯ ಹೆಣ್ಣಿಗೆ ದಕ್ಕೀತೇ ಎಂದು. ಎರಡು ಬೆರಳೆಂದರೆ, ಅನ್ನ ಬೆಂದಿತೇ ಎಂದು ಅಗುಳು ಹಿಚುಕಿ ನೋಡುವ ಬೆರಳು ಎನ್ನುತ್ತದೆ ಥೇರೀಗಾಥೆಯ ಅಟ್ಠಕಥೆ. ಒಲೆ ಮುಂದಿನವಳಿಗೆ ಅಷ್ಟೇ ಬುದ್ಧಿ ಎಂಬ ಹಂಗಣೆ. ಸೋಮಾ ಅಳುಕಲಿಲ್ಲ. ಮನಸ್ಸು ನೆಲೆನಿಂತವರಿಗೆ ಗಂಡು ಹೆಣ್ಣೆಂಬ ಲೆಕ್ಕ ಯಾಕೆ ಎಂದು ಅವನನ್ನೇ ಕೇಳಿದಳು. ಮಾರ ಪೆಚ್ಚಾಗಿ ಮಾಯವಾದ.

ಅಲ್ಲಿಂದ ಅವನು ಹೋದದ್ದು ಆಫೀಸುಗಳಿಗೆ ಅಂತ ಕಾಣುತ್ತೆ! ಜಪಾನಿನಲ್ಲಿ ಬೌದ್ಧ ವಿಹಾರಗಳಿಗೇನು ಬರವಿಲ್ಲ. ಆದರೂ ಅಲ್ಲಿನ ಕಂಪನಿಗಳಲ್ಲಿ ದಶಕಗಳ ಕಾಲ, ಓದಿ ಕೆಲಸಕ್ಕೆ ಬಂದ ಹೆಣ್ಣುಮಕ್ಕಳೇ ಗಂಡಸರಿಗೆ ಚಹಾ ಮಾಡಿಕೊಡಬೇಕಿತ್ತು. ಮದುವೆಯಾದರೆ ಕೆಲಸ ಬಿಡುವುದು ವಾಡಿಕೆ. ಸಮಾನ ಉದ್ಯೋಗಾವಕಾಶದ ಕಾನೂನು ಬಂದದ್ದು 1985ರಲ್ಲಿ. ಐಸ್‌ಲ್ಯಾಂಡಿನಲ್ಲಿ 1975ರ ಅಕ್ಟೋಬರ್ 24ರಂದು ಸುಮಾರು ಶೇ. 90ರಷ್ಟು ಹೆಂಗಸರು ಆಫೀಸು, ಅಡುಗೆಮನೆ ಎರಡನ್ನೂ ಒಂದು ದಿನ ಬಿಟ್ಟರು. ಗಂಡಸರು ಮಕ್ಕಳನ್ನು ಕಟ್ಟಿಕೊಂಡು ಕೆಲಸಕ್ಕೆ ಹೋದರು.

ಬಾಬಾಸಾಹೇಬರು ಇದನ್ನು ಬಹಳ ಮೊದಲೇ ಕಂಡಿದ್ದರು. 1928ರಲ್ಲಿ ಬಾಂಬೆ ಶಾಸನ ಪರಿಷತ್ತಿನ ಮುಂದೆ ಕಾರ್ಖಾನೆ ಹೆಂಗಸರ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಅದರ ಪರ ನಿಂತರು. ಹೆರಿಗೆಗೆ ಮುಂಚೆ, ಆಮೇಲೆ ತಾಯಿಗೆ ವಿಶ್ರಾಂತಿ ಸಿಗುವುದು ನಾಡಿನ ಹಿತ; ಹಾಗಾಗಿ ಖರ್ಚನ್ನು ಸರ್ಕಾರ ಹೊರಬೇಕು, ಅವಳ ದುಡಿಮೆಯಿಂದ ಲಾಭ ಪಡೆವ ಮಾಲೀಕನೂ ಕೊಡಬೇಕು ಎಂಬುದು ಅವರ ವಾದ. ಹೆರುವುದು ಅವಳ ಮನೆ ಸಮಾಚಾರ ಎಂದು ಕೈತೊಳೆದುಕೊಳ್ಳಲಿಲ್ಲ.

ಈಗ ನಮ್ಮ ವಿಹಾರಕ್ಕೆ ಬನ್ನಿ. ಕಳೆದ ಭಾನುವಾರ ವಂದನೆಯ ನಂತರ ಸೋಮಾ ಸುತ್ತದ ಬಗ್ಗೆ ನಾನು ಅರ್ಧ ಗಂಟೆ ಮಾತಾಡಿದೆ. ಹಿಂದಿನ ಕೋಣೆಯಲ್ಲಿ ಮೂವರು ಉಪಾಸಿಕೆಯರು ಚಹಾ ಸೋಸುತ್ತಿದ್ದರು. ಅವರಲ್ಲೊಬ್ಬರು ಬ್ಯಾಂಕ್ ಮ್ಯಾನೇಜರ್. ಅಲ್ಲಿ ಸಾಲಕ್ಕೆ ಅವರ ಮುಂದೆ ಕೈಕಟ್ಟಿ ಕೂರುವವರು ನಾವು. ಇಲ್ಲಿ "ಅಕ್ಕ, ಸಕ್ಕರೆ ಕಮ್ಮಿಯಾಯ್ತು" ಅಂದವನು ನಾನೇ. ಲೋಟ ತೊಳೆಯಲು ಹೋದರೆ "ನೀವು ಬಿಡಿ ಅಣ್ಣ" ಅಂದರು. ನಾನು ಬಿಟ್ಟೇಬಿಟ್ಟೆ.

ಈ ಭಾನುವಾರ ಸುತ್ತ ವಿವರಿಸುವವರು ಆ ಅಕ್ಕ. ಚಹಾ ನನ್ನ ಪಾಳಿ. ಲೋಟ ತೊಳೆಯಲು ಇನ್ನಿಬ್ಬರು ಅಣ್ಣಂದಿರು ಬೇಕು, ಶನಿವಾರ ಸಂಜೆಯೊಳಗೆ ಇದೇ ಗ್ರೂಪಿನಲ್ಲಿ ಹೆಸರು ಹಾಕಿ.

ಭವತು ಸಬ್ಬ ಮಂಗಲಂ. ಜೈ ಭೀಮ್.