ಟೈಲ್ಸ್ ಆಮೇಲೆ, ಮೊದಲು ಪೈಪು

ನಮ್ಮ ಕಡೆ ಹಳೇ ಬಚ್ಚಲುಮನೆ ಒಡೆದು ಹೊಸದು ಮಾಡಿಸಬೇಕೆಂದರೆ ಮನೆಮಂದಿಯೆಲ್ಲ ಮೊದಲು ಹೋಗುವುದು ಟೈಲ್ಸ್ ಅಂಗಡಿಗೆ. ತಿಳಿನೀಲಿ ಒಳ್ಳೆಯದೋ, ಅಮೃತಶಿಲೆಯ ಗೆರೆಯಿರುವುದೋ ಎಂಬ ಚರ್ಚೆ ಅರ್ಧ ದಿನ ನಡೆಯುತ್ತದೆ. ಮಕ್ಕಳಿಗೆ ತಲೆಮೇಲೆ ಮಳೆಯಂತೆ ಸುರಿಯುವ ಷವರ್ ಬೇಕು, ದೊಡ್ಡವರಿಗೆ ದೀಪವಿರುವ ಕನ್ನಡಿ ಬೇಕು. ಇಟ್ಟ ದುಡ್ಡಿನಲ್ಲಿ ಬಹುಪಾಲು ಅಲ್ಲೇ ಕರಗುತ್ತದೆ. ನೆಲದೊಳಗಿನ ಪೈಪು, ಸೋರದಂತೆ ಮಾಡುವ ಕೆಲಸ, ನೀರು ಹರಿಯುವ ವಾಟ ಇವೆಲ್ಲ ಮಿಕ್ಕ ಕಾಸಿಗೆ ಮತ್ತು ಮೇಸ್ತ್ರಿಯ ಮರ್ಜಿಗೆ ಬಿಟ್ಟವು. ಟೈಲ್ಸ್ ಹಿಡಿಸದಿದ್ದರೆ ಹತ್ತು ವರ್ಷದ ಮೇಲೆ ಬದಲಾಯಿಸಬಹುದು, ಇಲ್ಲವೇ ಸಹಿಸಿಕೊಳ್ಳಬಹುದು. ಅದರ ಕೆಳಗಿರುವ ಪೈಪನ್ನು ಬದಲಾಯಿಸಬೇಕೆಂದರೆ ಟೈಲ್ಸೂ ಹೋಗುತ್ತದೆ, ನೆಲವೂ ಹೋಗುತ್ತದೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮಟ್ಟಿಗೆ ನಾನು ಇನ್ನೊಂದು ಮಾತು ಸೇರಿಸುತ್ತೇನೆ. ಇಲ್ಲಿ ಬಚ್ಚಲುಮನೆ ಕಟ್ಟಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಮಿಂದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು. ನಮಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಹಿಂದಿನವರು ಕಟ್ಟಿಟ್ಟ ಕೆರೆಗಳಿದ್ದವು. ಅವು ಬತ್ತಿದಾಗ ಬೋರ್ ಕೊರೆಸಿದೆವು, ಬೋರ್ ಸಾವಿರ ಅಡಿ ದಾಟಿತು. ಅಂತರ್ಜಲವನ್ನು ಮಿತಿಮೀರಿ ಬಳಸಿದ ಪ್ರದೇಶವೆಂದು ನಮ್ಮ ತಾಲ್ಲೂಕುಗಳೆಲ್ಲ ಸರ್ಕಾರದ ಪಟ್ಟಿಯಲ್ಲಿವೆ. 2023ರಲ್ಲಿ ಯರಗೋಳ್ ಅಣೆಕಟ್ಟು ಉದ್ಘಾಟನೆಯಾಯಿತು. ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗೆಂದು ಕಟ್ಟಿದ್ದು ಅದು. ಬಹುಪಾಲು ಹಳ್ಳಿಗಳ ಪಾಡು ಇವತ್ತಿಗೂ ಬೋರು, ಟ್ಯಾಂಕರು.

ಇದರ ನಡುವೆ 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರದ ಕೆರೆಗೆ ಬಂದಿಳಿಯಿತು. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಗಳ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ತುಂಬಿಸುವ ಯೋಜನೆ ಇದು. ದಿನಕ್ಕೆ 44 ಕೋಟಿ ಲೀಟರ್ ಹರಿಸಬೇಕೆಂಬ ಲೆಕ್ಕ. ಮೂರನೇ ಹಂತದ ಶುದ್ಧೀಕರಣವೂ ಆಗಬೇಕೆಂಬ ಒತ್ತಾಯ ಅಂದಿನಿಂದ ಇದೆ, ನ್ಯಾಯಾಲಯದವರೆಗೂ ಹೋಗಿದೆ. ಆ ಒತ್ತಾಯ ನ್ಯಾಯವಾದದ್ದೇ. ನನಗೆ ಕಾಣುವ ವಿಚಿತ್ರ ಬೇರೆ. ಬೆಂಗಳೂರಿನವರು ಮಿಂದು ತೊಳೆದು ಬಿಟ್ಟ ನೀರನ್ನು ಪಂಪು ಹಚ್ಚಿ, ದಪ್ಪ ಪೈಪು ಹೂತು ಇಲ್ಲಿಗೆ ತರಿಸಿಕೊಂಡಿದ್ದೇವೆ. ನಮ್ಮ ಮನೆಯಲ್ಲಿ ನಾವೇ ಮಿಂದ ನೀರನ್ನು ಮಾತ್ರ ಬೆಳಿಗ್ಗೆ ಎದ್ದು ಶೌಚದ ಪಿಟ್ಟಿಗೆ ಇಳಿಸುತ್ತೇವೆ.

ಮೊದಲು ಹೀಗಿರಲಿಲ್ಲ. ಹಳೇ ಮನೆಗಳಲ್ಲಿ ಬಚ್ಚಲು ಹಿತ್ತಿಲಿಗೆ ಅಂಟಿಕೊಂಡಿರುತ್ತಿತ್ತು. ಗೋಡೆಯ ಬುಡದ ತೂತಿನಿಂದ ಹೊರಬಿದ್ದ ನೀರು ನೇರ ಬಾಳೆಗೋ, ತೆಂಗಿಗೋ, ಕರಿಬೇವಿಗೋ ಹೋಗುತ್ತಿತ್ತು. ಆ ಕಾಲವನ್ನು ಹಾಡಿ ಹೊಗಳುವುದಕ್ಕೆ ಹೇಳುತ್ತಿಲ್ಲ. ಹಂಡೆ ಒಲೆಯ ನೀಲಗಿರಿ ಸೌದೆಯ ಹೊಗೆ ಕುಡಿದವರು ಹೆಂಗಸರು. ಮುಂಜಾನೆ ಕತ್ತಲಲ್ಲಿ ಬಯಲಿಗೆ ಹೋಗಬೇಕಾಗಿದ್ದವರೂ ಅವರೇ. ಶೌಚಾಲಯ ಮನೆಯೊಳಗೆ ಬಂದದ್ದು ದೊಡ್ಡ ಬಿಡುಗಡೆ. ಆದರೆ ಅದು ಬಂದಾಗ ಸ್ನಾನದ ಕೋಣೆಯ ಜೊತೆಗೇ ಬಂತು, ಖರ್ಚು ಕಡಿಮೆಯೆಂದು ಎರಡರ ನೀರನ್ನೂ ಒಂದೇ ಪೈಪಿಗೆ ಕೊಟ್ಟರು. ಕಮೋಡಿನ ನೀರಿನ ಜೊತೆ ಸೇರಿದ ಮೇಲೆ ಸ್ನಾನದ ನೀರೂ ಕೊಳಚೆಯೇ. ಹಿತ್ತಿಲ ಬಾಳೆ ಒಣಗಿದ್ದು ಆವತ್ತು.

ಹೊಸದು ಮಾಡಿಸುವಾಗ ನೆಲ ಅಗೆದಿರುತ್ತದಲ್ಲ, ಇದನ್ನು ಸರಿಪಡಿಸಲು ಸಿಗುವ ಸಮಯ ಅದೊಂದೇ. ಕಮೋಡಿನಿಂದ ನಾಲ್ಕಿಂಚಿನ ಪೈಪು ಪಿಟ್ಟಿಗೋ ಊರಿನ ಒಳಚರಂಡಿಗೋ (ಯುಜಿಡಿ) ಹೋಗಲಿ. ಸ್ನಾನದ ಜಾಗ ಮತ್ತು ವಾಷಿಂಗ್ ಮೆಷಿನ್‌ನ ನೀರಿಗೆ ಇನ್ನೊಂದು ಮೂರಿಂಚಿನ ಪೈಪು ಬೇರೆಯಾಗಿ ಹೊರಬರಲಿ. ಅದಕ್ಕೂ ಟ್ರ್ಯಾಪ್ ಇರಬೇಕು. ಟ್ರ್ಯಾಪಿನಲ್ಲಿ ಎರಡು ಇಂಚು ನೀರು ನಿಂತಿದ್ದರೆ ನಾತ, ಜಿರಲೆ ಎರಡೂ ಒಳಗೆ ಬರುವುದಿಲ್ಲ. ಹೊರಗೆ ಒಂದು ಪುಟ್ಟ ಚೇಂಬರ್, ಅದರಿಂದ ಎರಡು ದಾರಿ, ಒಂದು ಗಿಡಗಳ ಕಡೆಗೆ, ಇನ್ನೊಂದು ಚರಂಡಿಗೆ. ಬೇಕಾದಾಗ ಬೇಕಾದ ಕಡೆ ತಿರುಗಿಸುವ ವಾಲ್ವ್. ಇಷ್ಟಕ್ಕೆ ತಗಲುವ ಪೈಪು, ಕೂಲಿ ಎರಡನ್ನೂ ಕೂಡಿಸಿ ನೋಡಿ, ಆ ಮಳೆ ಷವರಿನ ಬೆಲೆಯ ಪಕ್ಕ ಇಟ್ಟು ನೋಡಿ.

ಐದು ಜನರ ಮನೆಯಲ್ಲಿ ತಲೆಗೆ ಎರಡು ಬಕೆಟ್, ಅಂದರೆ 40 ಲೀಟರ್ ಎಂದಿಟ್ಟುಕೊಂಡರೂ ದಿನಕ್ಕೆ 200 ಲೀಟರ್, ತಿಂಗಳಿಗೆ 6,000. ಟ್ರ್ಯಾಕ್ಟರ್ ಟ್ಯಾಂಕರಿನ ಒಂದು ಲೋಡಿಗೆ ಇದು ಕಡಿಮೆಯಲ್ಲ. ಎರಡು ತೆಂಗು, ನಾಲ್ಕು ಬಾಳೆ ಇರುವ ಹಿತ್ತಿಲಿಗೆ ಇನ್ನೇನು ಬೇಕು? ಶ್ರೀನಿವಾಸಪುರದ ಕಡೆ ಮನೆ ಹಿಂದೆಯೇ ಮಾವಿನ ಸಸಿ ನೆಟ್ಟವರು ಬೇಸಿಗೆಯಲ್ಲಿ ಅದಕ್ಕೆ ಬಿಂದಿಗೆ ಹೊರುವುದನ್ನು ನೋಡಿದರೆ ಈ ಲೆಕ್ಕ ಇನ್ನೂ ಚುಚ್ಚುತ್ತದೆ. ಸ್ನಾನದ ನೀರು ಹೋಗದಿದ್ದರೆ ಪಿಟ್ಟೂ ಬೇಗ ತುಂಬುವುದಿಲ್ಲ.

ಎಚ್ಚರದ ಮಾತೂ ಇದೆ. ಸೋಪಿನ ನೀರನ್ನು ತೊಟ್ಟಿಯಲ್ಲಿ ತುಂಬಿಡಬಾರದು, ಒಂದು ದಿನ ಕಳೆದರೆ ನಾರುತ್ತದೆ. ಸೊಪ್ಪು, ಮೂಲಂಗಿ, ಕೊತ್ತಂಬರಿಗೆ ಬಿಡಬಾರದು, ಮರಗಳಿಗೆ ಅಡ್ಡಿಯಿಲ್ಲ. ಒಂದೇ ಬುಡಕ್ಕೆ ವರ್ಷಗಟ್ಟಲೆ ಹರಿಸಿದರೆ ಸೋಪಿನ ಉಪ್ಪು ಮಣ್ಣಲ್ಲಿ ಕೂರುತ್ತದೆ, ಆದ್ದರಿಂದ ಪಾತಿ ಬದಲಿಸುತ್ತಿರಬೇಕು. ಆಸಿಡ್ ಹಾಕಿ ನೆಲ ಉಜ್ಜುವ ದಿನ ವಾಲ್ವ್ ಚರಂಡಿ ಕಡೆಗೇ ಇರಲಿ. ಗೋಡೆಗೆ ಗೋಡೆ ಅಂಟಿರುವ ಪೇಟೆಯ ಮನೆಗಳಲ್ಲಿ ಒಂದಡಿ ಮಣ್ಣೂ ಇಲ್ಲದಿದ್ದರೆ ಈ ಮಾತು ನಿಮಗಲ್ಲ. ನೀವು ಫ್ಲಶ್ ಟ್ಯಾಂಕ್ ಬದಲಾಯಿಸಿ. ಹಳೆಯದು ಒಮ್ಮೆಗೆ ಹತ್ತು ಲೀಟರ್ ಸುರಿಯುತ್ತಿದ್ದರೆ, ಎರಡು ಗುಂಡಿಯ ಹೊಸದು ಮೂರು ಅಥವಾ ಆರು ಲೀಟರಿನಲ್ಲಿ ಕೆಲಸ ಮುಗಿಸುತ್ತದೆ.

ನೀರಾದ ಮೇಲೆ ಯೋಚಿಸಬೇಕಾದದ್ದು ಮನೆಯಲ್ಲಿ ಎಲ್ಲರಿಗಿಂತ ವಯಸ್ಸಾದವರ ಮಂಡಿಯ ಬಗ್ಗೆ. ಇದು ಎಲ್ಲ ಊರಿಗೂ ಸಲ್ಲುವ ಮಾತಾದರೂ ನಮ್ಮಲ್ಲಿ ಇದಕ್ಕೆ ಬೇರೆಯೇ ತೂಕ. ಆಳದ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಹಲವು ವರ್ಷ ಕುಡಿದವರ ಹಲ್ಲಷ್ಟೇ ಕೆಡುವುದಿಲ್ಲ, ಪ್ರಮಾಣ ಹೆಚ್ಚಿದಂತೆ ಮೂಳೆಯೂ ಕೀಲೂ ಬಿಗಿಯಬಹುದು. ಹಳ್ಳಿಹಳ್ಳಿಗೆ ಶುದ್ಧ ನೀರಿನ ಘಟಕ ಬಂದದ್ದು ಈಚೆಗೆ. ಅದಕ್ಕೂ ಮೊದಲಿನ ದಶಕಗಳಲ್ಲಿ ಬೋರಿನ ನೀರೇ ಕುಡಿದು ಬದುಕಿದ ಅಜ್ಜಿ ತಾತಂದಿರು ಈಗ ಕುಕ್ಕರುಗಾಲಲ್ಲಿ ಕೂತರೆ ಏಳಲಾರರು. ಅಂಥವರಿರುವ ಮನೆಯಲ್ಲಿ ಕೂರುವ ಕಮೋಡ್ ಐಷಾರಾಮಿಯಲ್ಲ. ಅದರ ಪಕ್ಕ ಗೋಡೆಗೆ ಹಿಡಿಕಂಬಿ, ಕಾಲು ಜಾರದ ಒರಟು ಟೈಲ್ಸ್, ಹೊರಗಡೆಗೆ ತೆರೆಯುವ ಬಾಗಿಲು ಬೇಕು. ಬಾಗಿಲು ಒಳಗೆ ತೆರೆಯುವಂತಿದ್ದು ಒಳಗಿದ್ದವರು ಅದಕ್ಕೆ ಅಡ್ಡಲಾಗಿ ಬಿದ್ದರೆ ಎತ್ತಲು ಹೋಗುವವರಿಗೂ ದಾರಿಯಿರುವುದಿಲ್ಲ. ಹಿಡಿಕಂಬಿ ಎಲ್ಲಿ ಬರುತ್ತದೆಂದು ಗೋಡೆ ಕಟ್ಟುವಾಗಲೇ ಮೇಸ್ತ್ರಿಗೆ ತೋರಿಸಿಡಿ. ಮಾಲೂರಿನ ಗಟ್ಟಿ ಇಟ್ಟಿಗೆಗೆ ಬಡಿದ ಬೋಲ್ಟು ಆಳಿನ ಭಾರ ತಡೆಯುತ್ತದೆ, ಒಳಗೆ ಪೊಳ್ಳಿರುವ ಬ್ಲಾಕಿಗೆ ಬಡಿದದ್ದು ಒಂದು ದಿನ ಕಿತ್ತು ಬರುತ್ತದೆ.

ಅಂದ ಹಾಗೆ, ಫ್ಲೋರೈಡಿಗೆ ಹೆದರಿ ಸ್ನಾನದ ನೀರಿಗೂ ಯಂತ್ರ ಕೂರಿಸಬೇಕಾಗಿಲ್ಲ. ಅದು ಕೆಡುಕು ಮಾಡುವುದು ಕುಡಿದಾಗ, ಅಡುಗೆಗೆ ಬಳಸಿದಾಗ. ಸ್ನಾನಕ್ಕೆ ತೊಂದರೆ ಕೊಡುವುದು ನೀರಿನ ಗಡಸುತನ. ಗೀಸರಿನ ಕಾಯಿಲ್ ಮೇಲೆ ಬಿಳಿ ಹೊಪ್ಪಳೆ ಕಟ್ಟುವುದು, ಷವರಿನ ಸಣ್ಣ ತೂತುಗಳು ಒಂದೊಂದಾಗಿ ಮುಚ್ಚಿಹೋಗುವುದು ಅದರಿಂದಲೇ. ಮಳೆ ಷವರಿಗೆ ಹಟ ಹಿಡಿದ ಮಕ್ಕಳಿಗೆ ಇದನ್ನು ತಿಳಿಸಿ ಹೇಳಿ. ಬಿಸಿನೀರಿಗೆ ಗ್ಯಾಸ್ ಗೀಸರ್ ಇಡುವುದಾದರೆ ಬಚ್ಚಲಿನ ಹೊರಗಿಡಿ. ಗಾಳಿಯಾಡದ ಕೋಣೆಯಲ್ಲಿ ಅದರಿಂದ ಹೊರಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಎಚ್ಚರಿಕೆಯೂ ಇಲ್ಲ. ಈ ರಾಜ್ಯದಲ್ಲಿ ಅದು ಜೀವಗಳನ್ನು ತೆಗೆದಿದೆ.

ಟೈಲ್ಸ್ ಕೂರಿಸುವ ಮುನ್ನ ಒಂದು ಪರೀಕ್ಷೆ ಬಾಕಿ. ಸೋರದಂತೆ ಬಳಿದ ಲೇಪ ಒಣಗಿದ ಮೇಲೆ ತೂತು ಮುಚ್ಚಿ, ನೆಲದಲ್ಲಿ ಎರಡು ಇಂಚು ನೀರು ನಿಲ್ಲಿಸಿ, ಎರಡು ದಿನ ಬಿಡಿ. ಮಾಳಿಗೆ ಮೇಲಿನ ಬಚ್ಚಲಾದರೆ ಕೆಳಗಿನ ಕೋಣೆಯ ಮೇಲ್ಛಾವಣಿ ನೋಡಿ. ವಾಟ ಐದು ಅಡಿಗೆ ಒಂದು ಇಂಚು ಇದೆಯೇ ಎಂದು ನೀವೇ ಒಂದು ಚೊಂಬು ನೀರು ಚೆಲ್ಲಿ ನೋಡಿ. ಕೆಲಸದವರಿಗೆ ಇದು ಇಷ್ಟವಾಗುವುದಿಲ್ಲ, ಎರಡು ದಿನದ ಕೂಲಿ ಹೋಗುತ್ತದೆಂಬ ಚಿಂತೆ ಅವರದು. ಆ ಕೂಲಿ ಕೊಟ್ಟುಬಿಡಿ.

ಟೈಲ್ಸ್ ಬಣ್ಣವನ್ನು ಮಕ್ಕಳೇ ಆರಿಸಲಿ, ಅದರಲ್ಲಿ ದೊಡ್ಡವರು ಸೋತರೆ ನಷ್ಟವಿಲ್ಲ. ಮುಂದಿನ ವಾರ ನಿಮ್ಮ ಮನೆಗೆ ಮೇಸ್ತ್ರಿ ಬರುವುದಿದ್ದರೆ, ಎರಡನೇ ಪೈಪಿನ ಮಾತನ್ನು ಇವತ್ತೇ ಅವರ ಕಿವಿಗೆ ಹಾಕಿ. ಕಾಂಕ್ರೀಟ್ ಬಿದ್ದ ಮೇಲೆ ಹೇಳಿದರೆ ಅವರು ಕೇಳುವುದಿಲ್ಲ.