ದರ ಬೆಳೆದವನಿಗೂ ತಿಳಿಯಲಿ

ಸಹೋದರರೇ, ಇಫ್ತಾರ್‌ಗೆ ಟೊಮೆಟೊ ಕೊಳ್ಳುವಾಗ ನಾವು ದರ ನೋಡುತ್ತೇವೆ, ಬೆಳೆದವನನ್ನು ನೆನೆಯುವುದಿಲ್ಲ. ಹೊರಗಿನಿಂದ ಸರಕು ತರುವವರನ್ನು ಪೇಟೆ ತಲುಪುವ ಮೊದಲೇ ದಾರಿಯಲ್ಲಿ ಹಿಡಿದು ಕೊಳ್ಳುವುದನ್ನು ಪ್ರವಾದಿಯವರು(ಸ) ತಡೆದರು. ಹಾಗೆ ಮಾರಿದವನು ಪೇಟೆಗೆ ಬಂದ ಮೇಲೆ ವ್ಯಾಪಾರ ಮುರಿಯಬಹುದು ಎಂದೂ ಹದೀಸ್‌ನಲ್ಲಿದೆ. ದರ ತಿಳಿಯದವನ ಒಪ್ಪಿಗೆ ಪೂರ್ತಿ ಒಪ್ಪಿಗೆಯಲ್ಲ.

ಲೆಕ್ಕ ಬರೆಯುವ ನನಗೆ ದಲ್ಲಾಳಿಯ ಖರ್ಚೂ ಗೊತ್ತು: ಲಾರಿ ಬಾಡಿಗೆ, ಕೂಲಿ, ಕೊಳೆತು ಹೋಗುವ ಮಾಲು. ಅವನ ಲಾಭ ಹರಾಮ್ ಅಲ್ಲ, ದರ ಮುಚ್ಚಿಡುವುದು ತಪ್ಪು. ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸನ್ನು ಎಲ್ಲರೆದುರು ಹರಾಜು ಕೂಗುವುದೂ ಅದಕ್ಕೇ.

ನಮ್ಮೂರ ಸಂತೆಗಳಲ್ಲಿ ತಾನು ಬೆಳೆದದ್ದನ್ನು ತಾನೇ ಮಾರುವ ರೈತರು ಇನ್ನೂ ಇದ್ದಾರೆ. ಇಂದು ಮನೆಗೆ ಫೋನ್ ಮಾಡಿದಾಗ ಹೇಳಿ: ಅವರಲ್ಲೇ ಕೊಳ್ಳಿ, ಪೇಟೆಯ ದರ ಅವರಿಗೂ ತಿಳಿಸಿ, ಚೌಕಾಸಿ ಆಮೇಲೆ.