ಸಾಯಿಸದ ಕಾಯಿಲೆಗೆ ಕಾಸು ಯಾರು ಕೊಡ್ತಾರೆ?

ನಮ್ಮ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಒಂದು ಮೇಲ್ ಬರುತ್ತೆ. ಸಂಬಳದಲ್ಲಿ ಇಂತಿಷ್ಟು ದಾನಕ್ಕೆ ಮುರಿದುಕೊಳ್ಳಿ ಅಂತ ನೀವು ಹೇಳಿದರೆ ಕಂಪನಿಯೂ ಅಷ್ಟೇ ಮೊತ್ತ ಸೇರಿಸುತ್ತೆ. ಯಾವುದಕ್ಕೆ ಕೊಡಬೇಕು ಅಂತ ಆರಿಸಿಕೊಳ್ಳೋಕೆ ಒಂದು ಪಟ್ಟಿ: ಮಕ್ಕಳ ಕ್ಯಾನ್ಸರ್, ಹೃದಯದ ಆಪರೇಷನ್, ಕಣ್ಣಿನ ಪೊರೆ, ಶಾಲೆಯ ಊಟ, ಕೆರೆ ಹೂಳೆತ್ತೋದು, ಬೀದಿನಾಯಿ. ಈ ಸಲ ಪಕ್ಕದ ಸೀಟಿನ ಹುಡುಗಿ, "ಇದರಲ್ಲಿ ಕಿವಿ ಎಲ್ಲಿದೆ?" ಅಂತ ಕೇಳಿದಳು. ಅವಳ ಅಜ್ಜಿಗೆ ಕಿವಿ ಕೇಳಿಸೋದಿಲ್ಲ. ಎದುರಿಗಿದ್ದವನು ಕೈಯನ್ನು ಕಿವಿಗೆ ಅಡ್ಡ ಹಿಡಿದು, "ಏನು? ಜೋರಾಗಿ ಹೇಳು!" ಅಂದ. ಎಲ್ಲರೂ ನಕ್ಕರು. ಅವಳೂ ನಕ್ಕು ಹೃದಯಕ್ಕೆ ಟಿಕ್ ಹಾಕಿದಳು.

ಆ ನಗುವಿನಲ್ಲಿ ದುಷ್ಟತನವೇನೂ ಇರಲಿಲ್ಲ. ನಾಟಕ ಕಂಪನಿಗಳ ಕಾಲದಿಂದ ಸಿನಿಮಾದವರೆಗೂ ಕೆಪ್ಪನ ಪಾತ್ರ ಅಂದರೆ ಹಾಸ್ಯದ ಪಾತ್ರ. ಕುರುಡನೊಬ್ಬ ಬಂದರೆ ಹಿನ್ನೆಲೆಯಲ್ಲಿ ಪಿಟೀಲು ಶುರುವಾಗುತ್ತೆ, ಕಿವುಡ ಬಂದರೆ ತಪ್ಪಾಗಿ ಕೇಳಿಸಿಕೊಂಡ ಮಾತಿನ ಜೋಕು. ಒಳಕಿವಿಯ ಇನ್ನೊಂದು ಕೆಲಸ, ಅಂದರೆ ದೇಹದ ಸಮತೋಲನ ಕಾಯೋದು, ಅದರ ಪಾಡು ಇನ್ನೂ ಕಷ್ಟ. ಅದು ಕೆಟ್ಟು ಮನೆಯೇ ಗಿರ್ರನೆ ತಿರುಗೋಕೆ ಶುರುವಾದರೆ "ಪಿತ್ತ ಆಗಿದೆ, ಒಂದು ಲೋಟ ನಿಂಬೆಹಣ್ಣಿನ ಪಾನಕ ಕುಡಿ" ಅಂತಾರೆ. ಕಾಯಿಲೆ ಅಂತ ಒಪ್ಪಿಕೊಳ್ಳೋದೇ ಇಲ್ಲ.

ಆದರೆ ಜೋಕಿನ ಹಿಂದೆ ಒಂದು ಗಂಭೀರವಾದ ವಾದ ಇದೆ. ದುಡ್ಡು ಇರೋದು ಇಷ್ಟೇ. ಅದರಲ್ಲಿ ಮೊದಲು ಜೀವ ಉಳಿಸಬೇಕೋ ಬೇಡವೋ? ರಕ್ತದ ಕ್ಯಾನ್ಸರ್ ಬಂದ ಆರು ವರ್ಷದ ಮಗುವನ್ನು ಬಿಟ್ಟು, ಟಿವಿ ಸೌಂಡ್ ಜಾಸ್ತಿ ಮಾಡಿಕೊಂಡು ಕೂತಿರೋ ತಾತನ ಕಿವಿಯ ಬಗ್ಗೆ ಸಂಶೋಧನೆ ಮಾಡಿ ಅಂತ ಯಾವ ಮುಖ ಇಟ್ಟುಕೊಂಡು ಕೇಳೋದು? ಈ ವಾದವನ್ನು ನಾನು ಹಗುರವಾಗಿ ನೋಡಲ್ಲ. ನನ್ನ ಕೈಯಲ್ಲಿ ಸಾವಿರವೇ ರೂಪಾಯಿ ಇದ್ದು, ಆ ಮಗು ಎದುರಿಗೇ ಇದ್ದರೆ ನಾನೂ ಮಗುವಿಗೇ ಕೊಡ್ತೀನಿ.

ಆದರೆ ನಾವು ನಿಜವಾಗಿ ಹಾಗೆ ಬದುಕ್ತಾ ಇದೀವಾ? ಕಣ್ಣಿನ ವಿಷಯ ನೋಡಿ. ಪೊರೆ ಬಂದರೆ ಯಾರೂ ಸಾಯಲ್ಲ. ಆದರೂ ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ ಲಕ್ಷಗಟ್ಟಲೆ ಜನರಿಗೆ ಕಣ್ಣಿನ ಆಪರೇಷನ್ ಮಾಡಿದರು, ಊರಿನವರು ಕ್ಯಾಂಪಿಗೆ ಅಕ್ಕಿ ಬೇಳೆ ಹೊತ್ತು ತಂದರು. 2006ರಲ್ಲಿ ಡಾ. ರಾಜ್‌ಕುಮಾರ್ ಕಣ್ಣು ಕೊಟ್ಟು ಹೋದರು. 2021ರಲ್ಲಿ ಪುನೀತ್ ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂತು, ನೇತ್ರದಾನಕ್ಕೆ ಹೆಸರು ಬರೆಸೋಕೆ ಜನ ಸಾಲು ನಿಂತರು. ಆಗ ಯಾರೂ "ಕಣ್ಣು ಹೋದರೆ ಸಾಯಲ್ವಲ್ಲ" ಅನ್ನಲಿಲ್ಲ, ಅನ್ನಲೂಬಾರದು. ಅಂದಮೇಲೆ ಸಾವು ನಮ್ಮ ಅಳತೆಗೋಲು ಅಲ್ಲ. ನಮ್ಮಿಂದ "ಅಯ್ಯೋ" ಅನ್ನಿಸೋದಕ್ಕೆ ನಾವು ಕೊಡ್ತೀವಿ. ಆಮೇಲೆ ಕೊಡದೇ ಇದ್ದದ್ದಕ್ಕೆ ಮಾತ್ರ ಸಾವಿನ ಲೆಕ್ಕ ಹೇಳ್ತೀವಿ.

ಲೆಕ್ಕ ಹಾಕಿದರೂ ಕಿವಿ ಸೋಲಲ್ಲ. ಜೀವಂತ ಇದ್ದೂ ಸರಿಯಾಗಿ ಬದುಕೋಕೆ ಆಗದೆ ಕಳೆದ ವರ್ಷಗಳನ್ನು ಎಣಿಸಿದರೆ, 2019ರಲ್ಲಿ ಇಡೀ ಜಗತ್ತಿನಲ್ಲಿ ಶ್ರವಣದೋಷಕ್ಕೆ ಮೂರನೇ ಸ್ಥಾನ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ಪ್ರಕಾರ 43 ಕೋಟಿ ಜನರ ಶ್ರವಣದೋಷಕ್ಕೆ ನೆರವು ಬೇಕು. 2050ರ ಹೊತ್ತಿಗೆ ಅದು 70 ಕೋಟಿ ದಾಟುತ್ತೆ. (ಇಯರ್‌ಫೋನ್ ತೆಗೆಯದೇ ಮೂರು ಮೀಟಿಂಗ್ ಮುಗಿಸಿ ಇದನ್ನು ಓದುತ್ತಾ ಇರೋರಿಗೆ ಬೇರೆ ಹೇಳಬೇಕಿಲ್ಲ.)

ಸರಿ, ಹಾಗಾದರೆ ಕಿವಿಯ ಮಷೀನು ಹಂಚೋಣ ಅನ್ನಬಹುದು. ಹಂಚೋದು ಸುಲಭ, ಫೋಟೋನೂ ಚೆನ್ನಾಗಿ ಬರುತ್ತೆ. ಸಂಶೋಧನೆಗೆ ಆ ಫೋಟೋ ಇಲ್ಲ. ನಮ್ಮ ಒಂದೊಂದು ಒಳಕಿವಿಯಲ್ಲಿ ಶಬ್ದ ಹಿಡಿಯೋ ಸೂಕ್ಷ್ಮ ಕೂದಲಿನ ಕೋಶಗಳು ಹುಟ್ಟಿದಾಗ ಸುಮಾರು 15 ಸಾವಿರ ಇರುತ್ತವೆ. ಅವು ಸತ್ತರೆ ಮತ್ತೆ ಬೆಳೆಯೋದಿಲ್ಲ. ಕೋಳಿಗೆ ಬೆಳೆಯುತ್ತೆ! 1980ರ ದಶಕದಲ್ಲೇ ಇದು ಗೊತ್ತಾಯ್ತು. ಕೋಳಿಗೆ ಆಗೋದು ನಮಗೆ ಯಾಕಾಗಲ್ಲ ಅನ್ನೋ ಪ್ರಶ್ನೆಗೆ ಇವತ್ತಿಗೂ ಲ್ಯಾಬುಗಳಲ್ಲಿ ಜನ ತಲೆ ಕೆಡಿಸಿಕೊಂಡಿದ್ದಾರೆ. ಈಗ ಹೇಳಿ, "ಈ ವರ್ಷ ಎಷ್ಟು ಫಲಾನುಭವಿಗಳು?" ಅನ್ನೋ ಕಾಲಮ್ಮಿನಲ್ಲಿ ಆ ಸಂಶೋಧಕಿ ಏನು ಬರೀಬೇಕು? ಸೊನ್ನೆ. ಮುಂದಿನ ವರ್ಷ? ಸೊನ್ನೆ. ಬಹುಶಃ ಅವಳ ಸರ್ವೀಸು ಮುಗಿಯೋವರೆಗೂ ಸೊನ್ನೆ.

ಹಾಗಾಗಿ ಕಿವಿಯ ವಿಜ್ಞಾನ ಬೆಳೆದದ್ದು ಹೆಚ್ಚಾಗಿ ಬೇರೆಯವರ ಕೆಲಸದ ಬೆನ್ನೇರಿ. ಒಳಕಿವಿಯಲ್ಲಿ ಶಬ್ದದ ಅಲೆ ಹೇಗೆ ಸಾಗುತ್ತೆ ಅಂತ ತೋರಿಸಿ 1961ರಲ್ಲಿ ನೊಬೆಲ್ ಪಡೆದ ಗಿಯೋರ್ಗ್ ಫಾನ್ ಬೇಕೇಶಿ ಆ ಕೆಲಸ ಶುರು ಮಾಡಿದ್ದು ಆಸ್ಪತ್ರೆಯಲ್ಲಲ್ಲ. ಬುಡಾಪೆಸ್ಟಿನ ಅಂಚೆ ಇಲಾಖೆಯ ಟೆಲಿಫೋನ್ ಲ್ಯಾಬಿನಲ್ಲಿ. ಫೋನು ಸುಧಾರಿಸಬೇಕಿತ್ತು, ಅದಕ್ಕೆ ಕಿವಿ ಅರ್ಥವಾಗಬೇಕಿತ್ತು, ಅಷ್ಟೇ. ಸಮತೋಲನಕ್ಕೆ ದುಡ್ಡು ಬಂದದ್ದು ಅಮೆರಿಕದ ನೌಕಾಪಡೆ ಮತ್ತು ನಾಸಾಕ್ಕೆ ಗಗನಯಾತ್ರಿಗಳು ವಾಂತಿ ಮಾಡಿಕೊಂಡಾರು ಅನ್ನೋ ಚಿಂತೆ ಹತ್ತಿದಾಗ. ಈಗ ಮತ್ತೆ ಕಿವಿಯ ಕಡೆ ಗಮನ ಹರೀತಾ ಇದೆ, ಯಾಕೆಂದರೆ 2020ರ ಲ್ಯಾನ್ಸೆಟ್ ಆಯೋಗದ ವರದಿ ಶ್ರವಣದೋಷಕ್ಕೂ ಮರೆವಿನ ಕಾಯಿಲೆಗೂ ನಂಟು ಇದೆ ಅಂತ ಎತ್ತಿ ತೋರಿಸಿತು. ಅಂದರೆ ಕಿವಿಗೆ ಕೊಡಿ ಅಂತ ಕೇಳೋಕೆ ಮೆದುಳಿನ ಶಿಫಾರಸು ಪತ್ರ ಬೇಕು.

ಯಾರ ಲಾಭವೂ ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಜಾನ್ ಎಪ್ಲಿ ಕಥೆ ಇದೆ. ಮಗ್ಗುಲು ಬದಲಿಸಿದ ತಕ್ಷಣ ತಲೆ ತಿರುಗೋ ಒಂದು ಬಗೆಯ ತೊಂದರೆಗೆ ಕಾರಣ, ಒಳಕಿವಿಯ ಸುಣ್ಣದ ಸಣ್ಣ ಹರಳುಗಳು ಜಾಗ ತಪ್ಪಿ ಅರ್ಧಚಂದ್ರಾಕಾರದ ನಾಳಗಳಿಗೆ ಸೇರಿಕೊಳ್ಳೋದು. ರೋಗಿಯ ತಲೆಯನ್ನು ಒಂದು ಕ್ರಮದಲ್ಲಿ ಹೊರಳಿಸಿದರೆ ಹರಳು ಹೊರಗೆ ಬರುತ್ತೆ ಅಂತ ಅಮೆರಿಕದ ಈ ವೈದ್ಯ 1980ರಲ್ಲೇ ತೋರಿಸಿದ. ಸಹೋದ್ಯೋಗಿಗಳು ಗೇಲಿ ಮಾಡಿದರು. ಪ್ರಬಂಧ ಅಚ್ಚಾಗಿದ್ದು 1992ರಲ್ಲಿ. ಈಗ ಜಗತ್ತಿನಾದ್ಯಂತ ಇದೇ ಮೊದಲ ಚಿಕಿತ್ಸೆ. ಮಾತ್ರೆ ಬೇಡ, ಯಂತ್ರ ಬೇಡ, ಒಂದು ಮಂಚ ಮತ್ತು ಎರಡು ಕೈ ಸಾಕು. ಮಾರೋಕೆ ಏನೂ ಇಲ್ಲದ ಇಂಥ ಚಿಕಿತ್ಸೆಯನ್ನು ಯಾವ ಕಂಪನಿ ಹುಡುಕಿಸುತ್ತೆ?

ಉಳಿದದ್ದು ಮನೆಯವರ ಪ್ರೀತಿ. ಮೆಲ್ಬರ್ನಿನ ಗ್ರೇಮ್ ಕ್ಲಾರ್ಕ್ ತಂದೆ ಔಷಧಿ ಅಂಗಡಿ ಇಟ್ಟಿದ್ದರು, ಅವರಿಗೆ ಕಿವಿ ಮಂದ. ಗಿರಾಕಿಗಳು ತಮ್ಮ ಗುಟ್ಟಿನ ಕಾಯಿಲೆಗಳನ್ನು ಕೂಗಿ ಹೇಳಬೇಕಾಗಿತ್ತು. ಅದನ್ನು ನೋಡಿ ಬೆಳೆದ ಮಗ, ಕಾಕ್ಲಿಯರ್ ಇಂಪ್ಲಾಂಟ್ ಮಾಡ್ತೀನಿ ಅಂದಾಗ ಪಂಡಿತರು ಆಗದ ಮಾತು ಅಂದರು. 1970ರ ದಶಕದಲ್ಲಿ ಅವನು ಒಂದು ಟಿವಿ ಚಾನೆಲ್ಲಿನ ದೇಣಿಗೆ ಕಾರ್ಯಕ್ರಮದಿಂದ ಹಣ ಎತ್ತಿದ. 1978ರಲ್ಲಿ ಅಪಘಾತದಿಂದ ಶ್ರವಣ ಕಳೆದುಕೊಂಡಿದ್ದ ಒಬ್ಬರಿಗೆ ಸಾಧನ ಕೂಡಿಸಿದ. ಇವತ್ತು ಜಗತ್ತಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಇಂಪ್ಲಾಂಟುಗಳಿವೆ. ನಮ್ಮಲ್ಲೂ ಸರ್ಕಾರಿ ಯೋಜನೆಯಲ್ಲಿ ಮಕ್ಕಳಿಗೆ ಉಚಿತವಾಗಿ ಹಾಕ್ತಾರೆ. ಟಿವಿ ನೋಡ್ತಾ ಐದೋ ಹತ್ತೋ ಡಾಲರ್ ಕೊಟ್ಟ ಮೆಲ್ಬರ್ನಿನ ಯಾರಿಗೂ ಅದು ಬಳ್ಳಾರಿಯ ಮಗುವಿಗೆ ತಲುಪುತ್ತೆ ಅಂತ ಗೊತ್ತಿರಲಿಲ್ಲ.

ಇಲ್ಲಿ ಒಂದು ತಕರಾರು ಬರಬೇಕು, ಬರಲಿ. ಹುಟ್ಟು ಕಿವುಡರಲ್ಲಿ ಅನೇಕರು "ನಮ್ಮದು ಕಾಯಿಲೆಯೇ ಅಲ್ಲ, ಅದೊಂದು ಭಾಷೆ, ಒಂದು ಸಮುದಾಯ, ರಿಪೇರಿ ಮಾಡೋಕೆ ನೀವ್ಯಾರು" ಅಂತಾರೆ. 1991ರಲ್ಲಿ ಅಮೆರಿಕದ ಕಿವುಡರ ರಾಷ್ಟ್ರೀಯ ಸಂಘ ಮಕ್ಕಳಿಗೆ ಇಂಪ್ಲಾಂಟ್ ಹಾಕೋದನ್ನು ಟೀಕಿಸಿತ್ತು. ನಾಸಾದ ಪ್ರಯೋಗಕ್ಕೆ ಮೈ ಒಡ್ಡಿದ್ದೂ ಗ್ಯಾಲೊಡೆಟ್ ಕಾಲೇಜಿನ 11 ಮಂದಿ ಕಿವುಡರು. ಹೆಚ್ಚಿನವರ ಒಳಕಿವಿ ಮೆನಿಂಜೈಟಿಸ್‌ನಿಂದ ಕೆಟ್ಟಿತ್ತು, ಹಾಗಾಗಿ ಅವರಿಗೆ ಎಷ್ಟು ತಿರುಗಿಸಿದರೂ ವಾಕರಿಕೆ ಬರ್ತಿರಲಿಲ್ಲ. ನಾಲ್ವರು ತಿರುಗೋ ಕೋಣೆಯಲ್ಲಿ 12 ದಿನ ಇದ್ದರು. ಬಿರುಗಾಳಿಯ ಕಡಲಿನಲ್ಲಿ ಅವರು ಆರಾಮಾಗಿ ಇಸ್ಪೀಟು ಆಡ್ತಿದ್ದರೆ ಸಂಶೋಧಕರೇ ಕಕ್ಕಿಕೊಂಡರು. ಹಾಗಾಗಿ ದುಡ್ಡು ಎಷ್ಟು ಅನ್ನೋದರ ಜೊತೆಗೆ, ಏನನ್ನು ಹುಡುಕಬೇಕು ಅಂತ ತೀರ್ಮಾನಿಸೋ ಮೇಜಿನಲ್ಲಿ ಕಿವುಡರು ಕೂತಿದ್ದಾರಾ ಅಂತಲೂ ಕೇಳಬೇಕು. ಕೇಳಿಸದೇ ಇರೋದನ್ನು ಸರಿಮಾಡೋದು ಒಂದೇ ಸಂಶೋಧನೆ ಅಲ್ಲ. ಸನ್ನೆ ಭಾಷೆಯದ್ದೂ ಸಂಶೋಧನೆಯೇ.

ಸ್ವಂತ ಮನೆಯ ಕಾಯಿಲೆಗೆ ದುಡ್ಡು ಕೊಡೋದು ಸ್ವಾರ್ಥ ಅಂತ ನನಗೆ ಅನ್ನಿಸಲ್ಲ. ಪಕ್ಕದಲ್ಲಿ ಕೂತು ನೋಡಿದವರಿಗೇ ಕೆಲವು ನೋವು ಕಾಣೋದು. ನನ್ನನ್ನು ಕಾಡೋದು ಬೇರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕಿವಿಗೆ ಅಂತಲೇ ಸರ್ಕಾರ ಕಟ್ಟಿದ ಜಾಗ ನಮ್ಮ ಮಗ್ಗುಲಲ್ಲೇ ಇದೆ. ಜೊತೆಗೆ ಅಪರೂಪದ ಒಂದೊಂದು ವಂಶವಾಹಿ ದೋಷಕ್ಕೆ ಔಷಧ ಮಾಡೋಕೆ ಈಗ ದೊಡ್ಡ ಕಂಪನಿಗಳೂ ಬಂದಿವೆ. ಆದರೆ ಮಕ್ಕಳ ಶ್ರವಣದೋಷದಲ್ಲಿ ಸುಮಾರು 60% ತಡೆಯಬಹುದಾದ ಕಾರಣಗಳಿಂದ ಬರುತ್ತೆ. ಅದರಲ್ಲಿ ಒಂದು ಕಿವಿ ಸೋರೋದು. ಅದು ಹೆಚ್ಚಾಗಿ ಬಡವರ ಮನೆಯ ಕಾಯಿಲೆ. ಇಕ್ಕಟ್ಟಿನ ಮನೆ, ಪದೇ ಪದೇ ನೆಗಡಿ, ವಾಸನೆಯ ಕೀವು. ಶಾಲೆಯಲ್ಲಿ ಆ ಹುಡುಗನನ್ನು ಹಿಂದಿನ ಬೆಂಚಿಗೆ ಕಳಿಸ್ತಾರೆ, ಆಮೇಲೆ ದಡ್ಡ ಅಂತಾರೆ. ಅವನ ಅಮ್ಮನಿಗೂ ಮಗನ ಮೇಲೆ ಕ್ಲಾರ್ಕ್‌ಗೆ ಅಪ್ಪನ ಮೇಲೆ ಇದ್ದಷ್ಟೇ ಪ್ರೀತಿ. ಅವಳ ಕೈಲಿ ಆಗೋದು ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯನ್ನು ಎರಡು ಹನಿ ಕಿವಿಗೆ ಬಿಡೋದು. ತೂತು ಬಿದ್ದ ತಮಟೆಗೆ ಅದು ಕೆಡುಕೇ ಮಾಡುತ್ತೆ ಅಂತ ಅವಳಿಗೆ ಯಾರೂ ಹೇಳಿಲ್ಲ.